ಸೈಲೆನ್ಸರಿಗೆ ಕೊಳವೆ, ಕಣ್ಣಿಗೆ ಮಣ್ಣು

ಕಳೆದ ತಿಂಗಳು ಕಾರಿಗೆ ಎಮಿಷನ್ ತಪಾಸಣೆ (ಪಿಯುಸಿ) ಮಾಡಿಸಲು ಹೋಗಿದ್ದೆ. ಪೆಟ್ರೋಲ್ ಬಂಕಿನ ಮೂಲೆಯಲ್ಲೊಂದು ಹಳೆಯ ವ್ಯಾನು, ಒಳಗೊಂದು ಕಂಪ್ಯೂಟರು, ಹೊರಗೊಬ್ಬ ಹುಡುಗ. ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹಳದಿಯಾಗಿ ಉರಿಯುತ್ತಿತ್ತು. ಬೇಕೆಂದೇ ತೋರಿಸಿದೆ. ‘ಲೈಟಿಗೂ ನಮಗೂ ಸಂಬಂಧ ಇಲ್ಲ ಸಾರ್, ನಂಬರ್ ಪ್ಲೇಟ್ ಫೋಟೊ ಸರಿಯಾಗಿ ಬಂದ್ರೆ ಸಾಕು’ ಎಂದ. ಸೈಲೆನ್ಸರಿಗೆ ಕೊಳವೆ ತೂರಿಸಿದ, ಫೋಟೊ ಹೊಡೆದ, ಕಾಗದ ಕೈಗಿಟ್ಟ. ಇನ್ನೊಂದು ವರ್ಷ ನಾನು ಸರ್ಕಾರದ ಲೆಕ್ಕದಲ್ಲಿ ಪರಮ ಶುದ್ಧ.

ಸಂಬಂಧ ಇಲ್ಲವೇ? ಕೇಂದ್ರ ಮೋಟಾರು ವಾಹನ ನಿಯಮ 115ನ್ನು ತೆಗೆದು ಓದಿ. ಬಿಎಸ್-4 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಮತ್ತು ಆನಂತರದ, ಒಬಿಡಿ ಅಂದರೆ ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ ಇರುವ ವಾಹನಗಳಲ್ಲಿ ಮೊದಲು ಆ ದೀಪವನ್ನು ನೋಡಬೇಕು; ಎಂಜಿನ್ ಚಾಲೂ ಆದ ಮೇಲೂ ಅದು ಆರದಿದ್ದರೆ ತಪಾಸಣೆಯನ್ನೇ ಮಾಡದೆ ರಿಪೇರಿಗೆ ಕಳಿಸಬೇಕು. ಬರೆದವರು ಬರೆದಿಟ್ಟು ಮನೆಗೆ ಹೋದರು. ಹುಡುಗನಿಗೆ ಹೇಳಿಕೊಟ್ಟವರು ಯಾರೂ ಇಲ್ಲ.

ನಮ್ಮ ದೊಡ್ಡವರ ಚಿಂತೆಯೇ ಬೇರೆ. ಮಾಲಿನ್ಯ ಎಂದೊಡನೆ ಅವರ ಕೈ ಹೋಗುವುದು ದಂಡದ ಪುಸ್ತಕಕ್ಕೆ. 2019ರ ತಿದ್ದುಪಡಿಯಲ್ಲಿ ದಂಡ 10,000 ರೂಪಾಯಿವರೆಗೆ ಏರಿತು. 2025ರ ಡಿಸೆಂಬರಿನಲ್ಲಿ ದೆಹಲಿ ಸರ್ಕಾರ ‘ಪಿಯುಸಿ ಇಲ್ಲದಿದ್ದರೆ ಪೆಟ್ರೋಲೂ ಇಲ್ಲ’ ಎಂದು ಸಾರಿತು. ಇಲ್ಲೂ ಹಾಗೇ ಮಾಡಿ ಎನ್ನುವ ಮೇಧಾವಿಗಳಿಗೆ ಕಡಿಮೆಯಿಲ್ಲ. ಸ್ವಾಮಿ, ಅದೇ ದೆಹಲಿಯ ಪಿಯುಸಿ ಕೇಂದ್ರಗಳ ಬಗ್ಗೆ ಸರ್ಕಾರಿ ಲೆಕ್ಕಪರಿಶೋಧಕ ಸಿಎಜಿ ಹೇಳಿದ್ದೇನು? 76,865 ವಾಹನಗಳಿಗೆ ತಪಾಸಣೆಯೂ ಸರ್ಟಿಫಿಕೇಟೂ ಸೇರಿ ಹಿಡಿದದ್ದು ಒಂದೇ ನಿಮಿಷ! ಮಿತಿ ಮೀರಿ ಹೊಗೆ ಉಗುಳಿದ 1.08 ಲಕ್ಷ ವಾಹನಗಳೂ ಪಾಸು. ಒಂದು ನಿಮಿಷದಲ್ಲಿ ಕಾಫಿ ಆರುವುದಿಲ್ಲ, ಕಾರು ಪರಿಶುದ್ಧವಾಗುತ್ತದೆ. ಇಂಥ ಕಾಗದಕ್ಕೆ ಹತ್ತು ಸಾವಿರದ ಬೆದರಿಕೆ ಬೇರೆ.

ಆ ನಿಮಿಷವನ್ನು ಹತ್ತು ಮಾಡಿದರೂ ಪ್ರಯೋಜನ ಅಷ್ಟಕ್ಕಷ್ಟೇ. ನಿಂತ ಪೆಟ್ರೋಲ್ ಕಾರಿನಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ಲಿಗೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ಕಪ್ಪು ಎಂದು ನೋಡುತ್ತಾರೆ. ಶ್ವಾಸಕೋಶ ಸುಡುವ ನೈಟ್ರೋಜನ್ ಆಕ್ಸೈಡುಗಳನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಜ್ವರ ಬಂದವನ ಉಗುರು ನೋಡಿ ಔಷಧಿ ಚೀಟಿ ಬರೆದ ಹಾಗೆ.

ತಮಾಷೆಯೆಂದರೆ ಕಾಯಿಲೆ ಏನೆಂದು ಕಾರಿಗೇ ಗೊತ್ತಿದೆ. ಕ್ಯಾಟಲಿಟಿಕ್ ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಎರಡೂ ಒಂದೇ ತಾಳಕ್ಕೆ ಕುಣಿಯತೊಡಗಿದರೆ ಕನ್ವರ್ಟರ್ ಸತ್ತಿದೆ ಎಂದೇ ಅರ್ಥ. ಎಂಜಿನ್ ಕಂಪ್ಯೂಟರ್ ಅದನ್ನು ಬರೆದಿಟ್ಟುಕೊಳ್ಳುತ್ತದೆ, ದೀಪ ಹಚ್ಚುತ್ತದೆ. ಆ ದಾಖಲೆ ಓದುವ ಬೆಂಕಿಪೊಟ್ಟಣದಷ್ಟು ಗಾತ್ರದ ಉಪಕರಣ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನಮ್ಮ ಗ್ಯಾರೇಜಿನವರೆಲ್ಲ ಇಟ್ಟುಕೊಂಡಿದ್ದಾರೆ. ಸರ್ಕಾರಕ್ಕೆ ಮಾತ್ರ ದುಬಾರಿ!

‘ಹಾಗಾದರೆ ದೀಪ ನೋಡಿದರಾಯಿತಲ್ಲ’ ಎನ್ನುವವರು ನಮ್ಮ ಮೆಕ್ಯಾನಿಕ್ಕುಗಳ ಕೈಚಳಕ ಕಂಡಿಲ್ಲ. ಬ್ಯಾಟರಿ ಟರ್ಮಿನಲ್ ಕಳಚಿ ಒಂದು ಚಾ ಕುಡಿದು ಬಂದರೆ ಎಷ್ಟೋ ಕಾರುಗಳಲ್ಲಿ ದೀಪ ಮಾಯ. ಸ್ಕ್ಯಾನರ್ ಹಾಕಿ ಎರರ್ ಅಳಿಸಿದರೆ ಇನ್ನೂ ಬೇಗ. ಈ ಕಳ್ಳತನ ಹಿಡಿಯಲೆಂದೇ ಇರುವುದು ರೆಡಿನೆಸ್ ಮಾನಿಟರ್. ನೆನಪು ಅಳಿಸಿದ ಕೂಡಲೇ ಕನ್ವರ್ಟರ್, ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ ಎಲ್ಲದರ ಮುಂದೆಯೂ ‘ಪರೀಕ್ಷೆ ಮುಗಿದಿಲ್ಲ’ ಎಂದು ದಾಖಲಾಗುತ್ತದೆ. ಮತ್ತೆ ತಣ್ಣಗಿನ ಎಂಜಿನ್ ಚಾಲೂ ಮಾಡಿ, ಪೇಟೆಯಲ್ಲೂ ಹೆದ್ದಾರಿಯಲ್ಲೂ ಓಡಿಸಿದ ಮೇಲಷ್ಟೇ ಅವು ಒಂದೊಂದಾಗಿ ಪೂರ್ತಿಯಾಗುತ್ತವೆ. ದೋಷ ಉಳಿದಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೆ ದೀಪ ಮರಳಿ ಹತ್ತುತ್ತದೆ.

ಅಮೆರಿಕದಲ್ಲಿ 1996ರಿಂದಲೇ ಕಾರುಗಳಿಗೆ ಈ ಒಬಿಡಿ ವ್ಯವಸ್ಥೆ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ, 2000 ಮತ್ತು ಆನಂತರದ ಮಾಡೆಲ್ಲಿನ ಪೆಟ್ರೋಲ್ ಕಾರುಗಳ ಸೈಲೆನ್ಸರಿಗೆ ಕೊಳವೆ ಹಾಕುವುದನ್ನೇ ಬಿಟ್ಟು ನೇರ ಕಂಪ್ಯೂಟರನ್ನು ಓದುತ್ತಾರೆ. ಅಂಥ ಕಾರಿನಲ್ಲಿ ಆವಿಯ ಮಾನಿಟರ್ ಒಂದನ್ನು ಬಿಟ್ಟು ಬೇರೆ ಯಾವುದು ಅಪೂರ್ಣವಾಗಿದ್ದರೂ ಫೇಲು. 2019ರಿಂದ, 2010 ಮತ್ತು ಆನಂತರದ ಮಾಡೆಲ್ಲಿನ ಕಾರುಗಳಲ್ಲಿ ಸ್ಕ್ಯಾನರ್ ಹಾಕಿದರೂ ಬ್ಯಾಟರಿ ಕಳಚಿದರೂ ಜಗ್ಗದ ಶಾಶ್ವತ ದೋಷ ಕೋಡುಗಳನ್ನೂ ನೋಡುತ್ತಾರೆ. ನಮ್ಮಲ್ಲಿ? ಬಿಎಸ್-6 ಎರಡನೇ ಹಂತ 2023ರ ಏಪ್ರಿಲ್‌ನಲ್ಲಿ ಬಂತು, ಗಾಡಿಗಳ ಬೆಲೆ ಏರಿತು. ದುಡ್ಡು ತೆತ್ತ ನಾವು ಆ ಸೆನ್ಸರುಗಳನ್ನು ಹೊತ್ತು ತಿರುಗುತ್ತಿದ್ದೇವೆ. ಅವು ಹೇಳುವುದನ್ನು ಕೇಳುವವರೇ ಇಲ್ಲ.

ಇದು ಹೊಗೆಯ ಕಥೆ ಮಾತ್ರವೂ ಅಲ್ಲ. ಎಚ್‌ಎಸ್‌ಆರ್‌ಪಿ ಎಂಬ ಹೊಸ ನಂಬರ್ ಫಲಕಕ್ಕೆ ಗಡುವಿನ ಮೇಲೆ ಗಡುವು ಕೊಟ್ಟು ನಮ್ಮನ್ನು ಕುಣಿಸಿದ್ದು ನೆನಪಿದೆಯಲ್ಲ? ಫಲಕ ಬಂತು, ರಸ್ತೆಯ ಗುಂಡಿ ಹಾಗೇ ಇದೆ. ಈ ದೇಶದಲ್ಲಿ ವಾಹನ ಸವಾರನೆಂದರೆ ಓಡಾಡುವ ಖಜಾನೆ. ಕಾಗದ ಇದ್ದರೆ ಸಭ್ಯ, ಇಲ್ಲದಿದ್ದರೆ ಅಪರಾಧಿ. ಗಾಳಿಯ ಗತಿ ಏನಾಯಿತು ಎಂದು ಯಾವ ಕಚೇರಿಯೂ ಲೆಕ್ಕ ಕೊಡಬೇಕಾಗಿಲ್ಲ.

ಕೋಟಿ ದಾಟಿದ ಬೆಂಗಳೂರಿನ ವಾಹನಗಳನ್ನು ಆಳುವ ಸಾರಿಗೆ ಇಲಾಖೆಗೆ ಬೇಡಿಕೆ ಇಷ್ಟೆ: ಬಿಎಸ್-6 ಕಾರುಗಳಿಗೆ ಒಬಿಡಿ ಓದದೆ, ರೆಡಿನೆಸ್ ನೋಡದೆ ಸರ್ಟಿಫಿಕೇಟ್ ಮುದ್ರಣವಾಗದಂತೆ ತಂತ್ರಾಂಶ ಬದಲಿಸಿ. ಕೇಂದ್ರದ ನಿಯಮ ಅಡ್ಡಬಂದರೆ ದೆಹಲಿಗೆ ಪತ್ರ ಬರೆಯಿರಿ. ಆಮೇಲೆ ಬೇಕಾದರೆ ದಂಡದ ಮಾತಾಡಿ.

ನನ್ನ ಕಾರಿನ ವಿಷಯ ಹೇಳಿಬಿಡುತ್ತೇನೆ. ಮರುದಿನವೇ ಗ್ಯಾರೇಜಿಗೆ ಒಯ್ದು ಸೆನ್ಸರ್ ಬದಲಾಯಿಸಿದೆ. ಸರ್ಟಿಫಿಕೇಟಿನ ಮೇಲಿರುವುದು ಮಾತ್ರ ಕೆಟ್ಟ ಸೆನ್ಸರಿನ ದಿನದ ತಾರೀಖೇ.