ಹೊಗೆಗೆ ತಪಾಸಣೆ, ಗಾಲಿಗೆ ದೇವರೇ ಗತಿ

‘ಚಾಲಕನ ನಿಯಂತ್ರಣ ತಪ್ಪಿ’ ಎನ್ನುವ ಮಾತನ್ನು ಕನ್ನಡ ಪತ್ರಿಕೆಗಳಲ್ಲಿ ಒಂದು ವರ್ಷ ನಿಷೇಧ ಮಾಡಬೇಕು. ಮರಕ್ಕೆ ಗುದ್ದಿದರೂ ಅದೇ, ಚಾನಲ್‌ಗೆ ಉರುಳಿದರೂ ಅದೇ. ನಿಯಂತ್ರಣ ಯಾಕೆ ತಪ್ಪಿತು ಅಂತ ಕೇಳುವವರಿಲ್ಲ. ಠಾಣೆಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಅಂತ ಬರೆದಿರುತ್ತಾರೆ, ಜಿಲ್ಲಾ ಪುಟದಲ್ಲಿ ಅದೇ ಸಾಲು ಅಚ್ಚಾಗುತ್ತದೆ. ಕಳಚಿದ ಗಾಲಿ ಹೊಲದಲ್ಲಿ ಬಿದ್ದಿದ್ದರೂ ಫೋಟೊ ತೆಗೆಯುವುದು ನಜ್ಜುಗುಜ್ಜಾದ ಬಾನೆಟ್ಟಿನದು.

ಅತಿವೇಗ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತ ಆಗಿವೆ, 1,68,491 ಜನ ಸತ್ತಿದ್ದಾರೆ. ಸಾವುಗಳಲ್ಲಿ ಶೇ 71.2ರಷ್ಟಕ್ಕೆ ಅತಿವೇಗ ಕಾರಣ ಎಂದು ಅದೇ ವರದಿ ಹೇಳುತ್ತದೆ. ಆದರೆ ವೇಗ ಮತ್ತು ಸಡಿಲ ಗಾಲಿ ಒಂದೇ ಗಾಡಿಯಲ್ಲಿ ಇರಬಾರದು ಅಂತ ಏನೂ ಇಲ್ಲ. ‘ವೇಗ’ ಅಂತ ಬರೆದ ಕ್ಷಣಕ್ಕೆ ಗಾಲಿ ನೋಡುವ ಕೆಲಸ ಮುಗಿಯುತ್ತದಲ್ಲ, ನನ್ನ ತಕರಾರು ಅದಕ್ಕೆ. ಚಾಲಕ ಸತ್ತಿದ್ದರೆ ಇನ್ನೂ ಸುಲಭ, ಎದುರು ವಾದ ಮಾಡಲು ಅವನೇ ಇರುವುದಿಲ್ಲ.

ನಮ್ಮ ಚನ್ನಗಿರಿ ಕಡೆಯ ಲೆಕ್ಕಕ್ಕೆ ಬನ್ನಿ. ಅಡಿಕೆ ಕೊಯ್ಲು ಶುರುವಾದರೆ ಬೆಳಗಿನ ಜಾವಕ್ಕೇ ಹಳೇ ಓಮ್ನಿ, ಸುಮೋ, ಜೀಪುಗಳು ರಸ್ತೆಗೆ ಇಳಿಯುತ್ತವೆ. ಕೊನೆ ಕೊಯ್ಯುವವರು, ಖೇಣಿ ಮನೆಗೆ ಸುಲಿಯಲು ಹೋಗುವ ಹೆಂಗಸರು, ಅವರ ಬುತ್ತಿ, ಒಬ್ಬಿಬ್ಬರು ಮಕ್ಕಳು ಎಲ್ಲ ಅದರೊಳಗೇ. ಎಂಟು ಜನರ ಗಾಡಿಗೆ ಹದಿನಾಲ್ಕು ಜನ. ಸಂತೆಬೆನ್ನೂರು ಕಡೆಯಿಂದ ಬಂದರೂ ಬಸವಾಪಟ್ಟಣದ ಕಡೆಯಿಂದ ಬಂದರೂ ಹಂಪು, ಗುಂಡಿ, ಭದ್ರಾ ನಾಲೆಯ ಪಕ್ಕದ ಕೆಸರು. ಇಷ್ಟು ಭಾರ, ಇಷ್ಟು ಏಟು ಕೊನೆಗೆ ಬೀಳುವುದು ಅಂಗೈಯೊಳಗೆ ಹಿಡಿಸುವ ಒಂದು ಉಕ್ಕಿನ ಬಳೆಯ ಮೇಲೆ. ಅದೇ ಹಬ್ ಬೇರಿಂಗ್.

ಇದನ್ನು ಯಾರು ನೋಡುತ್ತಾರೆ? ಕಾನೂನು ಹೇಳುವುದು ಹೀಗೆ: ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಸ್ವಂತ ಬಳಕೆಯ ಕಾರಿಗೆ ನೋಂದಣಿಯೇ ಹದಿನೈದು ವರ್ಷಕ್ಕೆ, ಅಲ್ಲಿಯವರೆಗೆ ಎಫ್‌ಸಿಯ ಮಾತೇ ಇಲ್ಲ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮ ಕಡೆ ಕೂಲಿಯವರನ್ನೂ ಶಾಲೆ ಮಕ್ಕಳನ್ನೂ ಹೊರುವ ಎಷ್ಟೋ ಗಾಡಿಗಳು ಬಿಳಿ ಬೋರ್ಡಿನವು. ಅಂದರೆ ದುಡಿಮೆ ಬಾಡಿಗೆ ಗಾಡಿಯದು, ತಪಾಸಣೆ ಮನೆ ಕಾರಿನದು. ಹೊಗೆ ಚೀಟಿ ಇಲ್ಲದಿದ್ದರೆ ದಂಡ ಬೀಳುತ್ತದೆ, ಗಾಲಿ ಅಲ್ಲಾಡುತ್ತಿದ್ದರೆ ಬೀಳುವುದಿಲ್ಲ.

ಎಫ್‌ಸಿ ಆಗುವ ಗಾಡಿಗಳಾದರೂ ಕ್ಷೇಮವೇ? ಎಫ್‌ಸಿ ದಿನ ಅಂಗಳದಲ್ಲಿ ಅರ್ಧ ಗಂಟೆ ನಿಂತು ನೋಡಿ. ಲೈಟು, ಹಾರ್ನು, ರಿಫ್ಲೆಕ್ಟರ್ ಪಟ್ಟಿ, ಹೊಸ ಬಣ್ಣ, ವಿಮೆ ಕಾಗದ. ಗಾಡಿ ಜಾಕ್ ಮೇಲೆ ಏರಿದ್ದನ್ನು ನಾನಂತೂ ಕಂಡಿಲ್ಲ. ಸ್ಟಿಯರಿಂಗ್‌ನ ಸಡಿಲ 30 ಡಿಗ್ರಿ ದಾಟಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಹೇಳುತ್ತದೆ. ಆದರೆ ಸ್ಟಿಯರಿಂಗ್ ಅಲ್ಲಾಡಿಸಿ ನೋಡಿದರೆ ಗಾಲಿಯೊಳಗಿನ ಸಡಿಲ ತಿಳಿಯುವುದಿಲ್ಲ. ಬ್ರಿಟನ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ತಪಾಸಣೆ ಕಡ್ಡಾಯ, ವೀಲ್ ಬೇರಿಂಗ್ ಆ ಪಟ್ಟಿಯಲ್ಲೇ ಇದೆ. ಅಲ್ಲಿನ ನುಣುಪು ರಸ್ತೆಗೆ ಬೇಕಾದದ್ದು ಇಲ್ಲಿನ ಗುಂಡಿಗೆ ಬೇಡವೇ?

ಇದೇನು ರಾಕೆಟ್ ವಿದ್ಯೆಯಲ್ಲ. ಹತ್ತು ನಿಮಿಷದ ಕೆಲಸ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಉಳಿದ ಗಾಲಿಗಳಿಗೆ ಕಲ್ಲು ಕೊಡಿ, ಜಾಕ್ ಏರಿಸಿ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಜಗ್ಗಿ. ‘ಟಕ್ ಟಕ್’ ಅಂದರೆ ಪ್ಲೇ ಇದೆ ಅಂತ ಅರ್ಥ. ಈಗ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಜಗ್ಗಿ. ಪ್ಲೇ ಮಾಯವಾದರೆ ತಪ್ಪು ಬೇರಿಂಗ್‌ನದು, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ ಕಡೆ ನೋಡಬೇಕು. ಎಡಬಲ ಹಿಡಿದು ಜಗ್ಗಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ ಮೇಲೆ ಅನುಮಾನ. ಆಮೇಲೆ ಗಾಲಿಯನ್ನು ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈ ಸ್ಪ್ರಿಂಗ್ ಮೇಲಿರಲಿ. ಬೀಸುಕಲ್ಲಿನಂತೆ ಗರಗರ ಅಂತ ಕೈಗೆ ತಾಗಿದರೆ ಬೇರಿಂಗ್‌ನ ಆಯಸ್ಸು ಮುಗಿದಿದೆ.

ಓಡುವಾಗಲೂ ಗಾಡಿ ಹೇಳುತ್ತದೆ. ವೇಗ ಏರಿದಂತೆ ‘ಗುಂಯ್’ ಶಬ್ದವೂ ಏರುತ್ತದೆ. ಬಲಕ್ಕೆ ತಿರುಗಿದಾಗ ಹೆಚ್ಚಾದರೆ ಸಾಮಾನ್ಯವಾಗಿ ಎಡಗಾಲಿಯದು, ಯಾಕೆಂದರೆ ಭಾರ ಆ ಕಡೆ ವಾಲುತ್ತದೆ. ಬ್ರೇಕ್ ಪೆಡಲ್ ಒಮ್ಮೊಮ್ಮೆ ಕೆಳಗಿಳಿದು, ಎರಡನೇ ಸಲ ತುಳಿದರೆ ಸರಿಯಾಗುವುದೂ ಒಂದು ಲಕ್ಷಣ: ಸಡಿಲ ಗಾಲಿಯ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿರುತ್ತದೆ. ದೂರ ಓಡಿಸಿ ಬಂದ ಮೇಲೆ ಎಡಬಲ ಹಬ್‌ಗಳ ಹತ್ತಿರ ಕೈ ಒಯ್ದು ನೋಡಿ. ಒಂದು ಕಡೆ ಮಾತ್ರ ಕಾವು ಹೆಚ್ಚಿದ್ದರೆ ಅಲ್ಲಿ ಬೇರಿಂಗೋ ಬ್ರೇಕೋ ಹಿಡಿಯುತ್ತಿದೆ.

ಮೆಕ್ಯಾನಿಕ್ ಅಣ್ಣಂದಿರ ಮೇಲೂ ಎರಡು ಮಾತು. ಅವರ ದುಡಿಮೆಗೆ ನನಗೆ ಗೌರವವಿದೆ, ಆದರೆ ‘ನಟ್ ಟೈಟ್ ಮಾಡಿ ಕಳಿಸಿದೀನಿ, ಏನೂ ಆಗಲ್ಲ’ ಎನ್ನುವ ಮಾತಿಗೆ ಇಲ್ಲ. ಸುಮೋ, ಹಳೇ ಜೀಪಿನಂಥ ಗಾಡಿಗಳ ಮುಂದಿನ ಗಾಲಿಯಲ್ಲಿರುವುದು ಟೇಪರ್ ರೋಲರ್ ಬೇರಿಂಗ್. ಅದಕ್ಕೆ ಸ್ವಲ್ಪವೇ ಸ್ವಲ್ಪ ಸಡಿಲ ಬೇಕು, ಹೆಚ್ಚು ಕಡಿಮೆ ಒಂದು ಕಾಗದದ ಹಾಳೆಯ ದಪ್ಪದಷ್ಟು. ಗಾಲಿ ತಿರುಗಿಸುತ್ತಾ ನಟ್ ಬಿಗಿಯಬೇಕು, ಸಡಿಲಿಸಬೇಕು, ಮತ್ತೆ ಕೈಬಿಗಿಗೆ ತಂದು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಸವೆದ ಬೇರಿಂಗ್ ಮೇಲೆ ಪಾನಾ ಹಾಕಿ ತಿರುವಿದರೆ ಪ್ಲೇ ಹೋಗುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ಕಾದು, ಗ್ರೀಸ್ ಕರಗಿ, ಕೊನೆಗೆ ಕಚ್ಚಿಕೊಳ್ಳುತ್ತದೆ. ಮಾರುತಿ 800ರ ಮುಂದಿನ ಗಾಲಿಯಲ್ಲಿರುವುದು ಪ್ರೆಸ್‌ನಲ್ಲಿ ಕೂರಿಸುವ ಬಾಲ್ ಬೇರಿಂಗ್. ಅಲ್ಲಿ ಪ್ಲೇ ಬಂದರೆ ಬದಲಿಸುವುದೊಂದೇ ದಾರಿ. ಅದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸದೂ ಅವತ್ತೇ ಹಳೆಯದು.

ಗ್ರೀಸ್ ವಿಷಯದಲ್ಲೂ ಇದೇ ಕಥೆ. ಚಾಸಿಗೆ ಹೊಡೆಯುವ ಗ್ರೀಸನ್ನೇ ಹಬ್‌ಗೂ ತುಂಬುತ್ತಾರೆ. ಬೇಕಾದದ್ದು ಕಾವು ತಡೆಯುವ ವೀಲ್ ಬೇರಿಂಗ್ ಗ್ರೀಸ್. ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ರೋಲರ್‌ಗಳ ಸಂದಿಗೆ ಅಂಗೈಯಿಂದ ಒತ್ತಿ ತುಂಬಬೇಕು. ಹಬ್ಬನ್ನು ಡಬ್ಬಿಯಂತೆ ತುಂಬಿದರೆ ಕಾವು ಏರುತ್ತದೆ. ರೋಲರ್ ಇರುವ ಒಳಭಾಗ ಮಾತ್ರ ಬದಲಿಸಿ ಹೊರಬಳೆ ಹಳೆಯದೇ ಬಿಡುವುದು ತಪ್ಪು, ಅವು ಜೋಡಿ. ಆಯಿಲ್ ಸೀಲ್ ಪ್ರತಿ ಸಲ ಹೊಸದಿರಲಿ. ಹಳ್ಳದ ನೀರಿಗೆ ಇಳಿದ ಗಾಡಿ, ಪ್ರೆಷರ್ ನೀರಿನಲ್ಲಿ ಗಾಲಿ ತೊಳೆಸುವ ಗಾಡಿ, ಎರಡಕ್ಕೂ ಸೀಲ್ ಹೋದರೆ ಗ್ರೀಸ್ ಹೋದಂತೆ.

‘ರಸ್ತೆ ಸರಿ ಮಾಡಲಿ ಮೊದಲು’ ಅನ್ನುತ್ತಾರೆ. ಮಾಡಲಿ, ಅದಕ್ಕೂ ಬರೆಯೋಣ. ಆದರೆ ರಸ್ತೆ ಕೆಟ್ಟಿದೆ ಎನ್ನುವುದು ಗಾಲಿ ಹೆಚ್ಚು ಸಲ ನೋಡಲು ಕಾರಣವಾಗಬೇಕು, ನೋಡದಿರಲು ಅಲ್ಲ. ‘ಹಳೇ ಗಾಡಿಯನ್ನೆಲ್ಲ ಗುಜರಿಗೆ ಹಾಕಿ’ ಅನ್ನುವವರೂ ಇದ್ದಾರೆ. ಅವರು ಹೊಸ ಕಾರಿನ ಕಂತು ಕಟ್ಟಬಲ್ಲವರು. ಬೇರಿಂಗ್ ಸರಿಯಿರುವ ಇಪ್ಪತ್ತು ವರ್ಷದ ಓಮ್ನಿ, ಬೇರಿಂಗ್ ಸತ್ತ ಐದು ವರ್ಷದ ಗಾಡಿಗಿಂತ ಗಾಲಿಯ ಮಟ್ಟಿಗೆ ಮೇಲು. ‘ಖರ್ಚು’ ಅನ್ನುವವರಿಗೆ ಒಂದೇ ಮಾತು: ಹೆಚ್ಚಿನ ಹಳೇ ಗಾಡಿಗಳಲ್ಲಿ ಒಂದು ಗಾಲಿಯ ಬೇರಿಂಗ್ ಖರ್ಚು ಕೆಲವು ಕೆ.ಜಿ. ಅಡಿಕೆ ಮಾರಿದ ದುಡ್ಡು. ಹದಿನಾಲ್ಕು ಜನರ ಜೀವಕ್ಕೆ ಅಷ್ಟೂ ಬೆಲೆ ಇಲ್ಲವೇ?

ನಮ್ಮ ಅಜ್ಜಂದಿರು ಎತ್ತಿನಗಾಡಿ ಕೆಳಗೆ ಕೀಲೆಣ್ಣೆಯ ಗೊಟ್ಟ ಕಟ್ಟಿಕೊಂಡೇ ಸಂತೆಗೆ ಹೊರಡುತ್ತಿದ್ದರು. ನೊಗ ಹೂಡುವ ಮೊದಲು ಕಡಾಣಿ ಮುಟ್ಟಿ ನೋಡುತ್ತಿದ್ದರು. ಯಾವ ಇಲಾಖೆಯೂ ಅವರಿಗೆ ಚೀಟಿ ಕೊಟ್ಟಿರಲಿಲ್ಲ. ಗಾಡಿಯಲ್ಲಿ ಕೂತವರು ತಮ್ಮವರು ಎನ್ನುವುದಷ್ಟೇ ಅವರಿಗೆ ಕಾನೂನು.

ಹಾಗಾಗಿ ಕೇಳುವುದು ಇಷ್ಟೇ. ಸಾರಿಗೆ ಇಲಾಖೆ ಎಫ್‌ಸಿ ವೇಳೆ ಗಾಲಿ ಎತ್ತಿ ನೋಡುವುದನ್ನು ಬರವಣಿಗೆಯಲ್ಲಿ ಕಡ್ಡಾಯ ಮಾಡಲಿ. ಖೇಣಿದಾರರು ಕೊಯ್ಲಿಗೆ ಮುಂಚೆ ತಾವು ಗೊತ್ತು ಮಾಡುವ ಗಾಡಿಗಳ ಗಾಲಿ ನೋಡಿಸಲಿ. ಶಾಲೆಯವರು ಜೂನ್‌ನಲ್ಲಿ ಪುಸ್ತಕದ ಪಟ್ಟಿ ಕೊಡುವಾಗಲೇ ವ್ಯಾನಿನ ಗ್ಯಾರೇಜ್ ಬಿಲ್ಲನ್ನೂ ಪೋಷಕರಿಗೆ ತೋರಿಸಲಿ. ಮತ್ತೆ ಈ ಬ್ಲಾಗ್ ಓದುವ ವರದಿಗಾರ ಗೆಳೆಯರೇ, ಅಪಘಾತದ ಸ್ಥಳಕ್ಕೆ ಹೋದಾಗ ಗಾಲಿ ಎಲ್ಲಿದೆ, ನಟ್ ಇದೆಯೇ, ಸ್ಪ್ಲಿಟ್ ಪಿನ್ ಇದೆಯೇ, ಹಬ್ ಸುಟ್ಟು ನೀಲಿಯಾಗಿದೆಯೇ ಎಂದು ನೋಡಿ, ಫೋಟೊ ತೆಗೆಯಿರಿ, ಮೋಟಾರು ವಾಹನ ನಿರೀಕ್ಷಕರ ವರದಿ ಕೇಳಿ. ಎರಡು ಸಾಲು ಹೆಚ್ಚು ಬರೆಯಿರಿ. ಡೆಸ್ಕಿನವರು ಕತ್ತರಿಸಿದರೆ ಮತ್ತೆ ಬರೆಯಿರಿ.