ಸಂಬಂಧಿಕರ ರಕ್ತವೇ ಹೆಚ್ಚು ಸುರಕ್ಷಿತವೇ?

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದಾಗ ‘ಹೊರಗಿನವರ ರಕ್ತ ಬೇಡ, ಮಗನದ್ದೇ ಕೊಡಿ’ ಎನ್ನುವವರಿದ್ದಾರೆ. ಸ್ವಂತದವರ ರಕ್ತ ಚೆನ್ನಾಗಿ ಹೊಂದುತ್ತದೆ ಎಂಬುದು ನಂಬಿಕೆ. ಆದರೆ ಅತಿ ಅಪರೂಪದ, ಬಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಪ್ರಾಣ ತೆಗೆಯುವ ಒಂದು ತೊಂದರೆಗೆ ಈ ಹೊಂದಾಣಿಕೆಯೇ ಕಾರಣವಾಗಬಹುದು. ವೈದ್ಯರು ಇದನ್ನು ಟಿಎ-ಜಿವಿಎಚ್‌ಡಿ ಎನ್ನುತ್ತಾರೆ.

ಆಗುವುದೇನು?

ದಾನಿಯ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೂ ಇರುತ್ತವೆ. ಹೊರಗಿನದನ್ನು ಗುರುತಿಸಿ ದಾಳಿ ಮಾಡುವುದು ಇವುಗಳ ಕೆಲಸ. ಸಾಮಾನ್ಯವಾಗಿ ರೋಗಿಯ ದೇಹವೇ ಇವನ್ನು ಗುರುತಿಸಿ ನಾಶಮಾಡುತ್ತದೆ. ಈ ಗುರುತು ಸಿಗುವುದು ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿಂದ. ಅವುಗಳ ಒಂದು ಕಂತು ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ.

ಮಗನಿಗೆ ಎರಡೂ ಕಡೆಯಿಂದ ಒಂದೇ ಬಗೆಯ ಕಂತು ಬಂದಿದೆ ಎಂದುಕೊಳ್ಳೋಣ. ಅವನ ರಕ್ತ ಪಡೆದ ತಾಯಿಯ ದೇಹಕ್ಕೆ ಅದರಲ್ಲಿ ಹೊಸದೇನೂ ಕಾಣದು, ಸುಮ್ಮನೆ ಬಿಡುತ್ತದೆ. ಆದರೆ ತಾಯಿಯ ಇನ್ನೊಂದು ಕಂತು ಮಗನ ಲಿಂಫೋಸೈಟ್‌ಗಳಿಗೆ ಹೊಸದು. ಅವು ತಾಯಿಯ ದೇಹದ ಮೇಲೇ ತಿರುಗಿ ಬೀಳುತ್ತವೆ. ಸೋದರಮಾವ, ಅತ್ತೆಯ ಮಕ್ಕಳ ಜೊತೆ ಮದುವೆಯಾಗುವ ನಮ್ಮಂತಹ ಕಡೆ ಇಂಥ ಸಾಮ್ಯದ ಸಾಧ್ಯತೆ ಹೆಚ್ಚು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ದಾನಿ ಸಂಬಂಧಿಯಲ್ಲದಿದ್ದರೂ ಈ ತೊಂದರೆ ಬರಬಹುದು.

ಲಕ್ಷಣಗಳು

ರಕ್ತ ಪಡೆದು ಸುಮಾರು ಒಂದೆರಡು ವಾರಗಳಲ್ಲಿ ಜ್ವರ, ಮೈಮೇಲೆ ಕೆಂಪು ದದ್ದು. ದದ್ದು ಹರಡಿ ಚರ್ಮ ಗುಳ್ಳೆ ಎದ್ದು ಸುಲಿಯಬಹುದು. ಭೇದಿ, ಕಾಮಾಲೆ ಜೊತೆಗೂಡುತ್ತವೆ. ಔಷಧಿಯ ಅಲರ್ಜಿ ಎಂದು ತಪ್ಪಾಗಿ ತಿಳಿಯುವುದು ಸುಲಭ. ಕೊನೆಗೆ ಅಸ್ಥಿಮಜ್ಜೆಯೇ ನಾಶವಾಗಿ, ಸೋಂಕು ಅಥವಾ ರಕ್ತಸ್ರಾವದಿಂದ ಸಾವು ಬರುತ್ತದೆ.

ತಡೆಯುವುದು ಹೇಗೆ?

ಚಿಕಿತ್ಸೆ ಹೆಚ್ಚಾಗಿ ಫಲ ಕೊಡುವುದಿಲ್ಲ, ಆದರೆ ತಡೆಯಬಹುದು. ರಕ್ತದ ಚೀಲವನ್ನು ಗಾಮಾ ಅಥವಾ ಎಕ್ಸ್-ರೇ ಕಿರಣಗಳಿಗೆ, ಸಾಮಾನ್ಯವಾಗಿ 25 ಗ್ರೇ ಪ್ರಮಾಣದಲ್ಲಿ, ಒಡ್ಡಿದರೆ ಲಿಂಫೋಸೈಟ್‌ಗಳು ವಿಭಜನೆಯಾಗಲಾರವು. ಕೆಂಪು ಕಣಗಳು ತಮ್ಮ ಕೆಲಸ ಮಾಡುತ್ತವೆ, ರಕ್ತವೂ ವಿಕಿರಣಶೀಲವಾಗುವುದಿಲ್ಲ. ಬಿಳಿ ಕಣಗಳನ್ನು ಸೋಸುವ ಫಿಲ್ಟರ್ ಮಾತ್ರ ಇದಕ್ಕೆ ಸಾಲದು. ಜಪಾನಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮೈಯೆಲ್ಲ ಕೆಂಪಾಗುವ ಈ ಕಾಯಿಲೆ 1955ರಲ್ಲೇ ವರದಿಯಾಗಿತ್ತು. ಅಲ್ಲಿ ವಿಕಿರಣಕ್ಕೊಡ್ಡಿದ ರಕ್ತದ ಬಳಕೆ ವ್ಯಾಪಕವಾದ ಮೇಲೆ ಅದು ಬಹುತೇಕ ಕಣ್ಮರೆಯಾಯಿತು.

ಹಾಗೆಂದು ರಕ್ತ ಪಡೆಯಲು ಹೆದರಬೇಕಿಲ್ಲ. ಸಂಬಂಧಿಕರ ರಕ್ತವನ್ನೇ ಕೊಡುವುದಾದರೆ ‘ಇರೇಡಿಯೇಟ್ ಮಾಡಿದ್ದೀರಾ?’ ಎಂದು ಕೇಳೋಣ. ಅದಕ್ಕಿಂತ ಒಳ್ಳೆಯ ದಾರಿ, ನಮ್ಮ ರಕ್ತವನ್ನು ಬ್ಲಡ್ ಬ್ಯಾಂಕಿಗೆ ಕೊಟ್ಟು, ನಮ್ಮವರಿಗೆ ಬೇರೆಯವರ ರಕ್ತ ಪಡೆಯುವುದು.