ಮೊದಲು ಸ್ಕ್ರೂ, ಆಮೇಲೆ ಮನಸ್ಸು

ಗುಂಡು ಗುರಿ ತಪ್ಪಿದರೆ ಶೂಟಿಂಗ್ ರೇಂಜಿನಲ್ಲಿ ಮೊದಲು ಕೇಳಿಬರುವ ಮಾತು ‘ಏಕಾಗ್ರತೆ ಸಾಲದು’ ಎಂಬುದು. ಉಸಿರು, ನಿಲುವು, ಬೆರಳು ಎಲ್ಲದರ ತನಿಖೆಯಾಗುತ್ತದೆ. ಸ್ಕೋಪನ್ನು ರೈಫಲ್ಲಿಗೆ ಹಿಡಿದಿಟ್ಟ ರೈಲನ್ನು ಅಲುಗಾಡಿಸಿ ನೋಡುವವರು ಕಡಿಮೆ. ಈ ಕ್ರಮ ತಿರುಗುಮುರುಗಾಗಬೇಕು.

ಲೆಕ್ಕ ಸರಳ. ಸ್ಕೋಪ್ ಹಿಡಿಯುವ ಎರಡು ಉಂಗುರಗಳ ನಡುವೆ 150 ಮಿ.ಮೀ. ಅಂತರವಿದೆ ಎನ್ನೋಣ. ಒಂದು ಉಂಗುರದ ಕೆಳಗೆ ರೈಲು 0.1 ಮಿ.ಮೀ., ಅಂದರೆ ಕಾಗದದ ಹಾಳೆಯಷ್ಟು, ಎದ್ದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 33 ಮಿ.ಮೀ. ಆಚೆ ಬೀಳುತ್ತದೆ. ಆ ದೂರದ ಅಂತಾರಾಷ್ಟ್ರೀಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿ.ಮೀ. ಹತ್ತಕ್ಕೆ ಹೊಡೆದವರಿಗೆ ಸಿಗುವುದು ಆರು!

ಹಾಗಾದರೆ ಇನ್ನಷ್ಟು ಬಿಗಿ ಮಾಡಿದರಾಯಿತಲ್ಲ? ಇಲ್ಲ. ಸ್ಕ್ರೂ ಕೊಂಚ ಉದ್ದವಿದ್ದರೆ ಅದು ರಂಧ್ರದ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿ ಎನಿಸುತ್ತದೆ, ರೈಲು ಮಾತ್ರ ಸಡಿಲವೇ. ಅತಿಯಾಗಿ ತಿರುಗಿಸಿದರೆ ಮರೆ ಸವೆದು ಹಾಳಾಗುತ್ತದೆ. ಸರಿಯಾದ ದಾರಿಗೆ ತಾಳ್ಮೆ ಬೇಕು. ಎರಡೂ ಮೇಲ್ಮೈಗಳ ಎಣ್ಣೆ ಒರೆಸಬೇಕು. ಸ್ಕ್ರೂ ಹಾಕದೆಯೇ ರೈಲನ್ನಿಟ್ಟು ಅದು ತೊಯ್ದಾಡುವುದೇ ಎಂದು ನೋಡಬೇಕು. ಸ್ಕ್ರೂಗಳ ಉದ್ದ ಪರೀಕ್ಷಿಸಿ, ಮಧ್ಯಮ ಹಿಡಿತದ ಥ್ರೆಡ್‌ಲಾಕರ್ ಒಂದು ಹನಿ ಹಚ್ಚಬೇಕು. ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಬಿಗಿಸುತ್ತಾ, ಕೊನೆಗೆ ಟಾರ್ಕ್ ರೆಂಚಿನಿಂದ ತಯಾರಕರು ಹೇಳಿದ ಅಳತೆಗೇ ನಿಲ್ಲಿಸಬೇಕು. ಸ್ಕ್ರೂ ತಲೆಯಿಂದ ರೈಲಿಗೆ ಒಂದು ಬಣ್ಣದ ಗೆರೆ ಎಳೆದಿಟ್ಟರೆ, ಅದು ಜರುಗಿದ್ದು ಕಣ್ಣಿಗೇ ಕಾಣುತ್ತದೆ.

ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವಿಲ್ಲ, ನಿಜ. ಆದರೆ ಅಲ್ಲಿನ ಸೈಟ್‌ಗಳಿಗೂ ಇದೇ ನ್ಯಾಯ. 2008ರ ಬೀಜಿಂಗ್‌ನಲ್ಲಿ ಫೈನಲ್ಲಿಗೆ ಮುನ್ನ ಅಭ್ಯಾಸದ ಗುಂಡುಗಳು ಎಲ್ಲೋ ಬಿದ್ದಾಗ ಅಭಿನವ್ ಬಿಂದ್ರಾ ತಮ್ಮ ಮನಸ್ಸನ್ನು ಶಂಕಿಸುತ್ತ ಕೂರಲಿಲ್ಲ. ಸೈಟ್ ಸರಿಪಡಿಸಿಕೊಂಡರು, ಚಿನ್ನ ಗೆದ್ದರು.

ಅಂಥ ಅನುಭವ ಹದಿನಾಲ್ಕರ ಹುಡುಗಿಗೆ ಎಲ್ಲಿಂದ ಬರಬೇಕು? ಹಲವರು ಹಂಚಿಕೊಳ್ಳುವ ಕ್ಲಬ್ಬಿನ ರೈಫಲ್ ಅವಳ ಕೈಯಲ್ಲಿದೆ. ಅಂಕ ಕುಸಿದರೆ ‘ನನಗೆ ಧೈರ್ಯ ಸಾಲದು’ ಎಂದು ಅವಳು ನಂಬಿಬಿಡುತ್ತಾಳೆ. ಕ್ಲಬ್ಬುಗಳು ಒಂದು ಟಾರ್ಕ್ ರೆಂಚ್ ಕೊಂಡು, ಪ್ರತಿ ರೈಫಲ್ಲಿಗೊಂದು ನೋಟ್‌ಬುಕ್ ಇಟ್ಟು, ಮಕ್ಕಳಿಂದಲೇ ತಪಾಸಣೆ ಮಾಡಿಸಲಿ. ಸಡಿಲವಾದ ರೈಲನ್ನು ಐದು ನಿಮಿಷದಲ್ಲಿ ಬಿಗಿಸಬಹುದು. ಕಳೆದುಹೋದ ಆತ್ಮವಿಶ್ವಾಸವನ್ನು ಬಿಗಿಸುವ ರೆಂಚ್ ಯಾವ ಅಂಗಡಿಯಲ್ಲೂ ಸಿಗದು.